ಎಲ್ಲರೂ ನೋಡಬೇಕಾಗಿಲ್ಲ: ಸೆನ್ ಠಾಣೆಯಲ್ಲಿ ನಾನು ಕಲಿತದ್ದು

ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತುಗಳ ಕೇಸು ನೋಡುವ ಠಾಣೆಗೆ, ಇನ್ಸ್‌ಪೆಕ್ಟರ್ ಆಗಿ ಬಂದಾಗ ನನಗೆ ಕೊಲೆ, ದರೋಡೆ, ಇಸ್ಪೀಟು ಎಲ್ಲ ಗೊತ್ತಿತ್ತು. ಇಂಟರ್‌ನೆಟ್‌ಗೆ ಸೇರಿದಾಗ ಸಿಗುವ ನಂಬರು, ಐಪಿ ಅಡ್ರೆಸ್, ಗೊತ್ತಿರಲಿಲ್ಲ. ಹದಿನೈದು ದಿನಕ್ಕೆ ಮೊದಲ ಟಿಪ್‌ಲೈನ್ ವರದಿ ಟೇಬಲ್ ಮೇಲೆ ಬಂತು.

ಮಕ್ಕಳ ಲೈಂಗಿಕ ಶೋಷಣೆಯ ಫೋಟೋ, ವಿಡಿಯೋ ತಮ್ಮಲ್ಲಿ ಕಂಡರೆ ಅಮೆರಿಕದ ಕಂಪನಿಗಳು ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಅಲ್ಲಿರುವ ಎನ್‌ಸಿಎಂಇಸಿ ಸಂಸ್ಥೆಗೆ ತಿಳಿಸಬೇಕು. ಅದೇ ಟಿಪ್‌ಲೈನ್ ವರದಿ. ಭಾರತದ್ದು 2019ರ ಒಪ್ಪಂದದ ಪ್ರಕಾರ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಗೆ ಬರುತ್ತದೆ. ಅಲ್ಲಿಂದ ಸಿಐಡಿ, ಆಮೇಲೆ ನಮ್ಮ ಜಿಲ್ಲೆ.

ಆ ವರದಿಯಲ್ಲಿ ಗಂಟೆಯ ಪಕ್ಕ ಯುಟಿಸಿ, ಅಂದರೆ ಜಾಗತಿಕ ಸಮಯ, ಅಂತ ಮೂರಕ್ಷರ ಇತ್ತು. ನಾನು ಗಮನಿಸಲಿಲ್ಲ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಂಟರ್‌ನೆಟ್ ಕಂಪನಿಗೆ ಬರೆದ ಪತ್ರದಲ್ಲಿ ಅದನ್ನೇ ನಮ್ಮ ಗಂಟೆ ಎಂದು ಹಾಕಿದೆವು. ಬೆಳಿಗ್ಗೆ ಒಬ್ಬರ ಬಳಿ ಇದ್ದ ಐಪಿ ಮಧ್ಯಾಹ್ನ ಇನ್ನೊಬ್ಬರ ಬಳಿ ಇರಬಹುದು. ಬಂದ ಹೆಸರು ಒಬ್ಬ ಟೈಲರ್‌ದು. ಯೂನಿಫಾರ್ಮಿನಲ್ಲೇ ಜೀಪು ತಗೊಂಡು ಹೋದೆವು. ಇಡೀ ಓಣಿ ಹೊರಗೆ ಬಂದು ನಿಂತಿತ್ತು. ಫೋನಿನಲ್ಲಿ ಏನೂ ಇರಲಿಲ್ಲ. ವಾರದ ನಂತರ ತಪ್ಪು ಗೊತ್ತಾಗಿ ಅವರ ಅಂಗಡಿಗೆ ಒಬ್ಬನೇ ಹೋಗಿ ಕೈ ಮುಗಿದೆ. ಅವರು ಚಹಾ ತರಿಸಿದರು. ಮಾತಾಡಲಿಲ್ಲ.

ಅಂದಿನಿಂದ ಪ್ರತಿ ಪತ್ರದಲ್ಲೂ ಎರಡೂ ಸಮಯ ಬರೆಯುತ್ತೇವೆ. ಪೋರ್ಟ್ ನಂಬರ್ ಇದ್ದರೆ ಅದನ್ನೂ. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದೇ ಐಪಿಯನ್ನು ಒಂದೇ ಹೊತ್ತಿಗೆ ತುಂಬಾ ಜನ ಹಂಚಿಕೊಂಡಿರುತ್ತಾರೆ, ಅವರಲ್ಲಿ ಯಾರು ಅನ್ನೋದಕ್ಕೆ ಆ ಪೋರ್ಟ್ ನಂಬರ್ ಬೇಕು. ಮನೆಗೆ ಹೋಗುವುದು ಮಫ್ತಿಯಲ್ಲಿ, ಜೀಪು ಇಲ್ಲದೆ.

ಇದಕ್ಕಿಂತ ದೊಡ್ಡ ತಪ್ಪನ್ನು ಠಾಣೆಯ ಒಳಗೇ ಮಾಡುತ್ತಿದ್ದೆ. ಐಟಿ ಕಾಯ್ದೆಯ ಕೇಸನ್ನು ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಕಡತದಲ್ಲಿ ಹೆಸರು ನನ್ನದು. ಆ ಫೋಟೋ, ವಿಡಿಯೋ ನೋಡುವ ಕೆಲಸ ಮಾತ್ರ ಕಂಪ್ಯೂಟರ್ ಬರುವ ಹೆಡ್ ಕಾನ್‌ಸ್ಟೇಬಲ್‌ದು. ಪೆನ್‌ಡ್ರೈವ್ ಅವರಿಂದ ರೈಟರ್‌ಗೆ, ರೈಟರ್‌ನಿಂದ ಪಿಎಸ್‌ಐಗೆ, ಅಲ್ಲಿಂದ ನನಗೆ ಸುತ್ತುತ್ತಿತ್ತು. ಎಲ್ಲವನ್ನೂ ನೋಡಿದರೇನೇ ತನಿಖೆ ಅಂತ ನಂಬಿದ್ದೆ.

ಆ ಹೆಡ್ ಕಾನ್‌ಸ್ಟೇಬಲ್ ಇಪ್ಪತ್ತು ವರ್ಷ ಹೆಣ ನೋಡಿದವರು. ಒಂದು ಸಂಜೆ ಚಾರ್ಜ್‌ಶೀಟಿನ ಹಾಳೆ ಜೋಡಿಸುತ್ತಾ ತಲೆ ಎತ್ತದೆ ಹೇಳಿದರು: "ಸರ್, ಮಗಳನ್ನ ಎತ್ಕೊಳ್ಳೋಕೆ ಆಗ್ತಿಲ್ಲ. ಮೂರು ತಿಂಗಳಾಯ್ತು." ನಾನು ಏನಂದೆ ಗೊತ್ತಾ? "ಗಟ್ಟಿ ಆಗ್ರೀ, ಪೊಲೀಸಲ್ವಾ ನೀವು." ಇವತ್ತಿಗೂ ನೆನಪಾದರೆ ನಾಚಿಕೆ ಆಗುತ್ತದೆ. ಯಾಕಂದರೆ ಆಗ ನನಗೂ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಬಿಪಿ ಅಂತ ಹೇಳಿಕೊಂಡಿದ್ದೆ.

ಬದಲಾವಣೆ ಒಂದೇ ದಿನ ಬರಲಿಲ್ಲ. ಮೊದಲು ಮಾಡಿದ್ದು ಹಳೆ ಸ್ಟೋರ್ ರೂಮ್ ಖಾಲಿ ಮಾಡಿಸಿದ್ದು. ನೆಟ್ ಇಲ್ಲದ ಒಂದೇ ಕಂಪ್ಯೂಟರ್, ಬಾಗಿಲಿಗೆ ಬೆನ್ನು ಮಾಡಿದ ಸ್ಕ್ರೀನ್. ಪೆನ್‌ಡ್ರೈವ್ ಆ ಕೋಣೆ ದಾಟುವಂತಿಲ್ಲ. ಆಮೇಲೆ ಹ್ಯಾಶ್. ಫೈಲಿನ ಬೆರಳಚ್ಚು ಅನ್ನಿ. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟಿಗೆ ಅದು ಹೇಗೂ ಬೇಕು. ಅದೇ ಹ್ಯಾಶ್ ಮೊದಲೇ ತೆಗೆದುಕೊಂಡರೆ, ಒಂದೇ ಫೈಲು ಹತ್ತು ಕಡೆ ಇದ್ದರೂ ಒಂದು ಸಲ ನೋಡಿದರೆ ಸಾಕು. ಎಷ್ಟೋ ಸಲ ನೋಡುವುದು ಅಲ್ಲೇ ತಪ್ಪಿತು.

ನೋಡಲೇಬೇಕಾದ್ದನ್ನು ಚಿಕ್ಕದಾಗಿ, ಕಪ್ಪು ಬಿಳುಪಿನಲ್ಲಿ, ಸದ್ದು ಬಂದ್ ಮಾಡಿ ನೋಡುತ್ತೇವೆ. ಸದ್ದು ತುಂಬಾ ಕೆಟ್ಟದ್ದು. ಕಣ್ಣು ಮರೆತದ್ದನ್ನೂ ಕಿವಿ ಮರೆಯೋದಿಲ್ಲ. ಬೇಕೇ ಬೇಕಾದರೆ ಚಿತ್ರ ಮುಚ್ಚಿ ಸದ್ದು ಮಾತ್ರ ಕೇಳುವುದು. ಕೋಣೆಯಲ್ಲಿ ಒಬ್ಬರೇ ಕೂರುವಂತಿಲ್ಲ, ಇನ್ನೊಬ್ಬರು ಸ್ಕ್ರೀನಿನ ಆ ಕಡೆ ಇರಬೇಕು. ಒಂದು ಸಲಕ್ಕೆ ಒಂದು ಗಂಟೆ. ಸಂಜೆ ನಾಲ್ಕರ ಮೇಲೆ ಕೋಣೆಗೆ ಬೀಗ. ನೋಡಿದ ತಕ್ಷಣ ಮನೆಗೆ ಹೋಗಬಾರದು, ಅದಕ್ಕೇ ನಾಲ್ಕಕ್ಕೇ ಬೀಗ.

ಜಿಲ್ಲಾ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯನ್ನು ಕರೆಸಿದಾಗ ಯಾರೂ ಹೋಗಲಿಲ್ಲ. ಸರ್ವಿಸ್ ರಿಜಿಸ್ಟರಿನಲ್ಲಿ ಬರೆದುಬಿಟ್ಟರೆ ಅನ್ನುವ ಭಯ. "ಹೋದವನು ಹುಚ್ಚ" ಅನ್ನುವ ತಮಾಷೆ ಬೇರೆ. ಕೊನೆಗೆ ಎಲ್ಲರೂ ಸರದಿಯಲ್ಲಿ ಹೋಗಲೇಬೇಕು, ಕಾಗದ ಇಲ್ಲ, ಮೊದಲು ನಾನು ಎಂದೆ. ಮುಕ್ಕಾಲು ಗಂಟೆ ಕೂತೆ. ಅರ್ಧ ಹೊತ್ತು ಗಣಪತಿ ಬಂದೋಬಸ್ತಿನ ಬಗ್ಗೆಯೇ ಮಾತಾಡಿದೆ. ಆದರೂ ಹೊರಗೆ ಬಂದಾಗ ರೈಟರ್ ಎದ್ದು ನಿಂತಿದ್ದರು, "ಮುಂದಿಂದು ನಾನಾ ಸರ್?" ಅಂತ. ಠಾಣೆಯಲ್ಲಿ ಹೇಳಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಆ ನಂಬರನ್ನು ರಜೆ ಅರ್ಜಿ ಇಡುವ ಜಾಗದಲ್ಲಿ ಅಂಟಿಸಿದೆ. ಅಲ್ಲಿ ಎಲ್ಲರೂ ನೋಡುತ್ತಾರೆ.

ಕಡಿಮೆ ನೋಡಿದರೆ ತನಿಖೆ ಸೊರಗುತ್ತದೆ ಅನ್ನುವ ಹೆದರಿಕೆ ನನಗಿತ್ತು. ಆದದ್ದು ಉಲ್ಟಾ. ಒಂದು ವಿಡಿಯೋ ಹೊಸದು, ಅಂದರೆ ಮಗು ಇನ್ನೂ ಆ ಮನೆಯಲ್ಲೇ ಇರಬಹುದು. ನಮ್ಮ ಮಹಿಳಾ ಪಿಎಸ್‌ಐ ಮಗುವನ್ನು ಪೂರ್ತಿ ಮರೆಮಾಡಿ ಗೋಡೆಯನ್ನಷ್ಟೇ ನೋಡಿದರು. ಹಿಂದೆ ಒಂದು ಕ್ಯಾಲೆಂಡರ್, ಮೂಲೆಯಲ್ಲಿ ಸೊಸೈಟಿಯೊಂದರ ಹೆಸರಿನ ಮೂರಕ್ಷರ. ಆ ತುಂಡನ್ನು ಮಾತ್ರ ಪ್ರಿಂಟ್ ತೆಗೆದು ಬೀಟ್ ಪೇದೆಗಳಿಗೆ ಕೊಟ್ಟೆವು. ಅವರ್ಯಾರೂ ವಿಡಿಯೋ ನೋಡಬೇಕಾಗಲಿಲ್ಲ. ಎರಡನೇ ದಿನ ಊರು ಸಿಕ್ಕಿತು, ಐದನೇ ದಿನ ಮನೆ. ಮಾಡಿದವನು ಹತ್ತಿರದ ನೆಂಟ. ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಹೇಳುವಂತೆ ಪಿಎಸ್‌ಐ ಮೇಡಂ ಸೀರೆಯಲ್ಲಿ ಹೋಗಿ, ಮಗು ಹೇಳಿದ ಜಾಗದಲ್ಲೇ, ಅಜ್ಜಿ ಮನೆಯ ಹಿತ್ತಲಲ್ಲಿ ಕೂತು ಹೇಳಿಕೆ ಬರೆದುಕೊಂಡರು.

ಭಾಷೆಯೂ ಬದಲಾಯಿತು. ಮೊದಲು ಠಾಣೆಯಲ್ಲಿ ಇವಕ್ಕೆ "ಬ್ಲೂ ಫಿಲ್ಮ್ ಕೇಸು" ಅನ್ನುತ್ತಿದ್ದರು, ನಾನೂ ಸೇರಿ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು "ಚೈಲ್ಡ್ ಪೋರ್ನೋಗ್ರಫಿ" ಅನ್ನುವ ಪದವನ್ನೇ ಬಳಸಬೇಡಿ, ಇದು ಶೋಷಣೆಯ ಸಾಮಗ್ರಿ ಎಂದಿತು. ಅದನ್ನು ಓದಿ ಹೇಳಿದ ಮೇಲೆ ತಮಾಷೆ ನಿಂತಿತು.

ಇನ್ನೊಂದು ನಿಯಮ ಇದೆ. ಯಾರು ಬೇಕಾದರೂ "ಸಾಕು ಸರ್" ಅನ್ನಬಹುದು. ಕಾರಣ ಕೇಳುವಂತಿಲ್ಲ. ಅದನ್ನು ಮೊದಲು ಬಳಸಿದವರು ಆ ಹೆಡ್ ಕಾನ್‌ಸ್ಟೇಬಲ್. ಈಗ ಸಮನ್ಸ್ ಜಾರಿ ಮಾಡುತ್ತಾರೆ. ಮಗಳು ಎರಡನೇ ಕ್ಲಾಸು. ಅವಳನ್ನು ಬೈಕಿನಲ್ಲಿ ಶಾಲೆಗೆ ಬಿಟ್ಟು ಬರುತ್ತಾರೆ, ರೋಲ್ ಕಾಲಿಗೆ ದಿನಾ ಹತ್ತು ನಿಮಿಷ ಲೇಟು. ನಾನು ಕೇಳೋದಿಲ್ಲ.