ಬ್ರಿಟನ್‌ನಲ್ಲಿ ಓದುವಾಗ ವಾರಾಂತ್ಯದ ಕಡಲತೀರ: ಎಂಟು ಜನರ ಗುಂಪನ್ನು ಕರೆದೊಯ್ಯುವ ಬಗೆ

ಸಹಪಾಠಿಗಳ ಜೊತೆ ಕಡಲತೀರಕ್ಕೆ ಹೊರಡುವುದೆಂದು ಗೊತ್ತಾದ ಕೂಡಲೇ ನಾನು ನೋಡುವುದು ಉಬ್ಬರ-ಇಳಿತದ ಪಟ್ಟಿಯನ್ನು. ರೈಲು, ಊಟ, ಲೆಕ್ಕಪತ್ರ ಎಲ್ಲ ಆಮೇಲೆ. ಎಂಟು ಜನರಲ್ಲಿ ನಾಲ್ಕೈದು ಜನರಿಗೆ ಈಜು ಬಾರದಿರುವುದು ಮಾಮೂಲು. ಅವರು ನಿಶ್ಚಿಂತೆಯಿಂದ ನೀರಿಗಿಳಿಯಬಹುದಾದ ಮೂರು-ನಾಲ್ಕು ಗಂಟೆ ಯಾವುವು ಎಂಬುದು ತಿಳಿದರೆ ಉಳಿದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಕಳೆದ ವಾರ ಹೋಗಿಬಂದವರು ಹೇಳಿದ ವೇಳೆ ಈ ವಾರಕ್ಕೆ ಕೂಡಿಬರುವುದಿಲ್ಲ. ಸಮುದ್ರ ನಕ್ಷೆ ತಯಾರಿಸುವ ಸರ್ಕಾರಿ ಸಂಸ್ಥೆಯ ‘ಅಡ್ಮಿರಾಲ್ಟಿ ಈಸಿಟೈಡ್’ ಜಾಲಪುಟದಲ್ಲಿ ಮುಂದಿನ ಏಳು ದಿನಗಳ ವೇಳೆ ಉಚಿತವಾಗಿ ಸಿಗುತ್ತದೆ. ಪಟ್ಟಿ ಯಾವ ಗಡಿಯಾರದ್ದು ಎಂದು ಮಾತ್ರ ನೋಡಿಕೊಳ್ಳಬೇಕು. ಗ್ರೀನ್‌ವಿಚ್ ಸಮಯದಲ್ಲಿ ಕೊಟ್ಟಿದ್ದರೆ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಒಂದು ಗಂಟೆ ಸೇರಿಸಬೇಕು. ಈ ಒಂದು ಗಂಟೆ ತಪ್ಪಿದರೆ ಬಂಡೆಗಳ ಸಂದಿಯ ಪುಟ್ಟ ಕೊಲ್ಲಿಗಳಿಗೆ ನಡೆದುಹೋದವರಿಗೆ ಹಿಂದಿರುಗುವ ದಾರಿ ನೀರಿನಡಿ ಹೋಗಿರುತ್ತದೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದೂ ನೆನಪಿರಲಿ. ಮೊದಲ ಗಂಟೆಯಲ್ಲಿ ಏರುವುದು ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು. ‘ಈಗ ತಾನೇ ಏರಲು ಶುರುವಾಗಿದೆ’ ಎಂದು ಕೂತವರು ಸಿಕ್ಕಿಬೀಳುವುದು ಇದರಿಂದಲೇ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜೋರು.

ತೀರದ ಆಯ್ಕೆಯೂ ಇದರಿಂದಲೇ ನಿರ್ಧಾರವಾಗುತ್ತದೆ. ನೈಋತ್ಯ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಕೊಲ್ಲಿಯಾದ ಬ್ರಿಸ್ಟಲ್ ಚಾನೆಲ್‌ನ ಏರಿಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು, ಕೆಲವೆಡೆ 14 ಮೀಟರ್ ಮುಟ್ಟುತ್ತದೆ. ಅದರ ದಂಡೆಯ ವೆಸ್ಟನ್-ಸೂಪರ್-ಮೇರ್‌ನಲ್ಲಿ ಇಳಿತದ ಹೊತ್ತಿಗೆ ನೀರು ಒಂದು ಮೈಲಿಗೂ ಹೆಚ್ಚು ದೂರ ಹೋಗಿರುತ್ತದೆ. ಮರಳು ಮುಗಿದ ಮೇಲೆ ಕಾಲು ಹಿಡಿದು ಬಿಡದ ಕೆಸರು. ಅದರಲ್ಲಿ ಸಮುದ್ರವನ್ನು ಹುಡುಕಿಕೊಂಡು ನಡೆಯಲೇಬಾರದು. ಬೋರ್ನ್‌ಮತ್‌ನಲ್ಲಿ ಏರಿಳಿತ ಎರಡು ಮೀಟರಿನ ಆಸುಪಾಸು ಅಷ್ಟೇ, ಮರಳು ಉದ್ದಕ್ಕೂ ಸಿಗುತ್ತದೆ, ಲಂಡನ್ ವಾಟರ್ಲೂನಿಂದ ನೇರ ರೈಲಿನಲ್ಲಿ ಸುಮಾರು ಎರಡು ಗಂಟೆ. ಮೊದಲ ಸಲ ಹೋಗುವ ಗುಂಪಿಗೆ ನಾನು ಸೂಚಿಸುವುದು ಇದನ್ನೇ. ಬ್ರೈಟನ್ ಹತ್ತಿರವೇನೋ ಹೌದು, ಆದರೆ ಅಲ್ಲಿರುವುದು ಉರುಟು ಕಲ್ಲುಗಳ ದಂಡೆ. ನೀರಂಚಿನಲ್ಲಿ ತಟ್ಟನೆ ಆಳವಾಗುತ್ತದೆ, ಈಜು ಬಾರದವರು ಮೊಣಕಾಲು ನೀರಿನಲ್ಲಿ ಆಡಲು ಜಾಗವೇ ಇರುವುದಿಲ್ಲ.

ತಿಂಗಳ ವಿಷಯದಲ್ಲಿ ನನ್ನದು ಹಟದ ಅಭಿಪ್ರಾಯ: ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಪರೀಕ್ಷೆ ಮುಗಿದ ಖುಷಿಗೆ ಮೇ ತಿಂಗಳ ಬಿಸಿಲಿನಲ್ಲಿ ಓಡುವವರೇ ಹೆಚ್ಚು. ಗಾಳಿ 25 ಡಿಗ್ರಿ ಇದ್ದರೂ ಆಗ ಸಮುದ್ರ ಇನ್ನೂ 12 ಡಿಗ್ರಿಯ ಸುತ್ತಮುತ್ತಲೇ ಇರುತ್ತದೆ, ಏಕೆಂದರೆ ನೀರು ಕಾಯಲು ಇಡೀ ಬೇಸಿಗೆ ಬೇಕು. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಹಾರಿದರೆ ಉಸಿರು ತನ್ನಷ್ಟಕ್ಕೆ ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಯಿ ನೀರಿನೊಳಗಿದ್ದರೆ ಆ ಒಂದೇ ಉಸಿರು ಸಾಕು, ಈಜು ಬಲ್ಲವರೂ ಮುಳುಗುತ್ತಾರೆ. ಅದಕ್ಕೇ ಹಾರದೆ, ನಡೆದು ಇಳಿಯಬೇಕು. ಮುಖಕ್ಕೆ, ಕತ್ತಿಗೆ ನೀರು ಹಾಕಿಕೊಂಡು ಉಸಿರಾಟ ಹದಕ್ಕೆ ಬಂದ ಮೇಲೆ ಮುಂದಿನ ಹೆಜ್ಜೆ. ಅಕಸ್ಮಾತ್ ಬಿದ್ದರೆ ತಲೆ ಹಿಂದಕ್ಕೆ ಒರಗಿಸಿ, ಕಿವಿ ನೀರಿನಲ್ಲಿ ಮುಳುಗಿಸಿ, ಕೈಗಳನ್ನು ಮೆಲ್ಲಗೆ ಆಡಿಸುತ್ತ ತೇಲಬೇಕು. ಮೊದಲ ಆಘಾತ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಇದನ್ನು ಹೊರಡುವ ಮುನ್ನ ಎಲ್ಲರಿಗೂ ಹೇಳಿಕೊಡುತ್ತೇನೆ. ಕಾಲೇಜಿನ ಈಜುಕೊಳದಲ್ಲಿ ಒಮ್ಮೆ ಮಾಡಿ ನೋಡಿದವರಿಗೆ ಅದು ಕೈಹಿಡಿಯುತ್ತದೆ.

ಲೈಫ್‌ಗಾರ್ಡ್ ಇಲ್ಲದ ತೀರಕ್ಕೆ ಗುಂಪನ್ನು ಕರೆದೊಯ್ಯುವುದಿಲ್ಲ. ಬಹುತೇಕ ಕಡೆ ಈ ಕಾವಲು ಆರ್‌ಎನ್‌ಎಲ್‌ಐ ಎಂಬ ಸೇವಾಸಂಸ್ಥೆಯದು, ಬೇಸಿಗೆಯಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ. ಅರ್ಧ ಕೆಂಪು ಅರ್ಧ ಹಳದಿ ಬಾವುಟಗಳ ನಡುವಿನ ಜಾಗ ಸ್ನಾನಕ್ಕೆ. ಕಪ್ಪು-ಬಿಳಿ ಚೌಕದ ಬಾವುಟ ಸರ್ಫಿಂಗ್ ಹಲಗೆಗಳವರದ್ದು. ಪೂರ್ತಿ ಕೆಂಪಾದರೆ ನೀರಿಗಿಳಿಯುವಂತಿಲ್ಲ. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ದಡದಿಂದ ಸಮುದ್ರದತ್ತ ಬೀಸುತ್ತಿದೆ ಎಂದರ್ಥ, ಗಾಳಿ ತುಂಬಿದ ಹಾಸಿಗೆ, ಬಾತುಕೋಳಿ ಟ್ಯೂಬು ಚೀಲದಲ್ಲೇ ಇರಲಿ. ಇಂಥ ದಿನ ದಡದ ಹತ್ತಿರ ಸಮುದ್ರ ಸಪಾಟಾಗಿ ಕಾಣುವುದರಿಂದಲೇ ಜನ ಮೋಸಹೋಗುತ್ತಾರೆ.

ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳದಿಬ್ಬಗಳ ನಡುವಿನ ತಗ್ಗಿನಲ್ಲಿ ಒಟ್ಟಾಗಿ ಹಿಂದಕ್ಕೆ ಹರಿಯುತ್ತದೆ, ಅದೇ ಸೆಳೆತ. ತಗ್ಗು ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡು ಕಡೆ ಬಿಳಿ ನೊರೆ, ನಡುವೆ ಗಾಢ ಬಣ್ಣದ ಶಾಂತ ಪಟ್ಟಿ. ಅಂಜುವವರು ಆರಿಸಿಕೊಳ್ಳುವುದು ಸರಿಯಾಗಿ ಅದೇ ಜಾಗವನ್ನು! ಸಿಕ್ಕಿಕೊಂಡಾಗ ಕಾಲು ನೆಲಕ್ಕೆ ತಾಗುತ್ತಿದ್ದರೆ ನಡೆದು ಪಕ್ಕಕ್ಕೆ ಸರಿಯಬೇಕು. ತಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು, ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಬೇಕು. ಸೆಳೆತಕ್ಕೆ ಎದುರಾಗಿ ನೇರ ದಡಕ್ಕೆ ಈಜುವುದು ತೋಳಿನ ಶಕ್ತಿಯನ್ನು ಖಾಲಿ ಮಾಡುತ್ತದೆ, ಅಷ್ಟೇ. ತುರ್ತಿಗೆ 999, ಕೇಳಬೇಕಾದದ್ದು ಕೋಸ್ಟ್‌ಗಾರ್ಡ್.

ನಾವು ಇಬ್ಬರನ್ನು ಸದಾ ದಡದಲ್ಲಿ ಉಳಿಸುತ್ತೇವೆ, ಅರ್ಧ ಗಂಟೆಗೊಮ್ಮೆ ಸರದಿ ಬದಲು. ಅವರ ಕೆಲಸ ತಲೆ ಎಣಿಸುವುದು, ಫೋನು-ಪರ್ಸು ಕಾಯುವುದು. ನೀಲಿ, ಬೂದು ಬಟ್ಟೆ ನೀರಿನಲ್ಲಿ ಕಾಣುವುದಿಲ್ಲ, ಕಿತ್ತಳೆ ಅಥವಾ ಗಾಢ ಗುಲಾಬಿ ಕಾಣುತ್ತದೆ. ಹತ್ತಿಯ ಟೀಶರ್ಟು, ಜೀನ್ಸ್ ನೀರು ಕುಡಿದು ಭಾರವಾಗುತ್ತವೆ. ಮೈ ಮುಚ್ಚಬೇಕೆನ್ನುವವರಿಗೆ ಈಜುಬಟ್ಟೆಯದೇ ತುಂಬುತೋಳಿನ ಅಂಗಿ ಮತ್ತು ಲೆಗ್ಗಿಂಗ್ಸ್ ಸಿಗುತ್ತವೆ, ಬಿಸಿಲಿಗೂ ಒಳ್ಳೆಯದು. ಕಾಲಿಗೆ ರಬ್ಬರ್ ತಳದ ನೀರಿನ ಬೂಟು ಬೇಕು. ಇಳಿತದ ಹೊತ್ತು ತೆಳುನೀರಿನ ಮರಳಿನಲ್ಲಿ ವೀವರ್ ಮೀನು ಹುದುಗಿರುತ್ತದೆ, ತುಳಿದರೆ ವಿಷಮುಳ್ಳು ಚುಚ್ಚುತ್ತದೆ. ಮುಳ್ಳನ್ನು ಚಿಮುಟದಿಂದ ತೆಗೆದು, ಸುಡದಷ್ಟು ಆದರೆ ತಾಳಬಲ್ಲಷ್ಟು ಬಿಸಿ ನೀರಿನಲ್ಲಿ ಕಾಲನ್ನು ಕನಿಷ್ಠ ಅರ್ಧ ಗಂಟೆ ಇಡಬೇಕು. ಬಿಸಿ ನೀರು ಲೈಫ್‌ಗಾರ್ಡ್ ಬಳಿ ಕೇಳಿ.

ಸನ್‌ಸ್ಕ್ರೀನ್ ಯಾವಾಗಲೂ ಕಡಿಮೆ ಬೀಳುತ್ತದೆ. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 35 ಮಿ.ಲೀ. ಬೇಕು. ಎಂಟು ಜನ, ಎರಡು ಸಲ ಎಂದರೆ 560 ಮಿ.ಲೀ., ಅಂದರೆ 200ರ ಮೂರು ಬಾಟಲಿ. ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಬಂದು ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು. ನಮ್ಮ ಮೈಬಣ್ಣಕ್ಕೆ ಬೇಡವೆಂಬ ಮಾತನ್ನು ನಂಬಬೇಡಿ, ಕಂದು ಚರ್ಮವೂ ಸುಡುತ್ತದೆ, ಕೆಂಪಾಗಿ ಕಾಣುವುದು ಕಡಿಮೆ ಅಷ್ಟೇ. ಕುಡಿಯುವ ನೀರು ತಲಾ ಎರಡು ಲೀಟರ್, ಅದರಲ್ಲಿ ಅರ್ಧವನ್ನು ಹಿಂದಿನ ರಾತ್ರಿಯೇ ಹೆಪ್ಪುಗಟ್ಟಿಸಿದರೆ ಊಟದ ಚೀಲಕ್ಕೆ ಬೇರೆ ಮಂಜುಗಡ್ಡೆ ಬೇಡ. ಡಬ್ಬದ ಮುಚ್ಚಳ ತೆರೆದಿಟ್ಟು ಮಾತಿಗೆ ಕೂತರೆ ಕಡಲಹಕ್ಕಿಗಳು ಬಿಡುವುದಿಲ್ಲ.

ರೈಲಿಗೆ ಎರಡು ದಾರಿ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಹಲವು ಕಂಪನಿಗಳಲ್ಲಿ ಗ್ರೂಪ್‌ಸೇವ್ ಎಂಬ ಮೂರನೇ ಒಂದು ಭಾಗದ ರಿಯಾಯಿತಿ ಇದೆ. 16ರಿಂದ 25 ವಯಸ್ಸಿನವರು ಕೊಳ್ಳಬಹುದಾದ ‘16-25 ರೈಲ್‌ಕಾರ್ಡ್’ ಎಂಬ ರಿಯಾಯಿತಿ ಕಾರ್ಡಿನದೂ ಅಷ್ಟೇ ರಿಯಾಯಿತಿ, 26 ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಅದು ಸಿಗುತ್ತದೆ. ಎರಡನ್ನೂ ಸೇರಿಸಿ ಬಳಸುವಂತಿಲ್ಲ. ಗ್ರೂಪ್‌ಸೇವ್‌ನಲ್ಲಿ ಎಲ್ಲರೂ ಕೊನೆಯವರೆಗೂ ಜೊತೆಗಿರಬೇಕು. ಒಬ್ಬರು ಸಂಜೆ ಅಲ್ಲೇ ಉಳಿದರೆ ಅವರ ಟಿಕೆಟ್‌ಗೆ ಬೆಲೆಯಿಲ್ಲ, ಆದ್ದರಿಂದ ಮರಳುವಾಗ ಚದುರುವ ಗುಂಪಿಗೆ ರೈಲ್‌ಕಾರ್ಡೇ ಸರಿ. ಹಳಿ ದುರಸ್ತಿಯನ್ನು ಹೆಚ್ಚಾಗಿ ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ. ಬುಕ್ ಮಾಡುವಾಗ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನ್ಯಾಷನಲ್ ರೈಲ್ ಪುಟ ನೋಡಬೇಕು, ಇಲ್ಲದಿದ್ದರೆ ಅರ್ಧ ದಾರಿ ಬಸ್ಸಿನಲ್ಲಿ ಕಳೆಯುತ್ತದೆ.

ಹಣದ ಲೆಕ್ಕವನ್ನು ಸ್ಪ್ಲಿಟ್‌ವೈಸ್ ಎಂಬ ಖರ್ಚು ಹಂಚುವ ಆ್ಯಪ್‌ನಲ್ಲಿ ಆಗಿಂದಾಗಲೇ ಬರೆಯುತ್ತೇವೆ, ರಾತ್ರಿಗೆ ಉಳಿಸಿದರೆ ರಸೀದಿ ಒದ್ದೆಯಾಗಿರುತ್ತದೆ.

ಹಿಂದಿರುಗಲು ಕೊನೆಯ ರೈಲಿಗಿಂತ ಒಂದು ಮೊದಲಿನದನ್ನು ಗುರಿಯಿಡುತ್ತೇವೆ, ನೀರಿನಿಂದ ಏಳುವುದು ಅದಕ್ಕೂ ಎರಡು ಗಂಟೆ ಮುಂಚೆ. ಒದ್ದೆ ಮರಳು ಒರೆಸಿದಷ್ಟೂ ಅಂಟುತ್ತದೆ. ಬಿಸಿಲಿನಲ್ಲಿ ಹತ್ತು ನಿಮಿಷ ಕಾಲು ಚಾಚಿ ಕೂತು, ಒಣಗಿದ ಮೇಲೆ ಒಣ ಟವೆಲಿನಿಂದ ಕೊಡವಿದರೆ ತಾನಾಗಿ ಉದುರುತ್ತದೆ. ಆ ಒಂದು ಟವೆಲನ್ನು ಬೆಳಿಗ್ಗೆಯಿಂದಲೇ ಯಾರೂ ಮುಟ್ಟದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರುತ್ತೇವೆ.