ಚಳಿ ಊರಲ್ಲಿ ರೂಮ್ ಬೆಚ್ಚಗೆ ಮಾಡ್ಕೊಂಡು ಯೋಗ ಮಾಡೋದು ಹೇಗೆ

ಹಾಸನದಲ್ಲಿ ಡಿಸೆಂಬರ್ ಜನವರಿ ಬಂತು ಅಂದ್ರೆ ಬೆಳಗ್ಗೆ ಐದೂವರೆಗೆ ನೆಲ ಕಾಲು ಕೊರೀತಿರುತ್ತೆ, ಮ್ಯಾಟ್ ಹಾಸೋಕೇ ಮನಸ್ಸು ಬರಲ್ಲ, ಇನ್ನು ಸಕಲೇಶಪುರ ಮೂಡಿಗೆರೆ ಕಡೆಯವರಿಗೆ ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆನೂ ಒಣಗಲ್ಲ ಮೈನೂ ಸಡಿಲ ಆಗಲ್ಲ. ಅದಕ್ಕೇ ತುಂಬ ಜನ ಕೇಳ್ತಾರೆ, ಹಾಟ್ ಯೋಗ ಅಂತಾರಲ್ಲ, ರೂಮ್ ಕಾಯಿಸ್ಕೊಂಡು ಮಾಡೋದು, ಅದನ್ನ ಮನೇಲೇ ಮಾಡಬಹುದಾ ಅಂತ. ಮಾಡಬಹುದು, ಚೆನ್ನಾಗೂ ಇರುತ್ತೆ, ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ಹೀಟರ್ ಇರೋದು ರೂಮಿನ ಚಳಿ ಬಿಡಿಸೋಕೆ ಮಾತ್ರ, ಮೈ ಕಾಯಿಸೋ ಕೆಲಸ ನಿಮ್ಮ ಉಸಿರು ಮತ್ತೆ ಆಸನದ್ದು.

ಹಾಟ್ ಯೋಗ ಹೊರದೇಶಗಳಲ್ಲಿ ಹೆಸರು ಮಾಡಿದ್ದು ಕೋಲ್ಕತ್ತಾದ ಬಿಕ್ರಮ್ ಚೌಧರಿ 1970ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನಡೆಸಿದ ಕ್ಲಾಸುಗಳಿಂದ. ಆ ಪದ್ಧತೀಲಿ ಎಲ್ಲಾ ಫಿಕ್ಸು, 26 ಆಸನ, 2 ಉಸಿರಾಟದ ಅಭ್ಯಾಸ, 90 ನಿಮಿಷ, ರೂಮು ಸುಮಾರು 40 ಡಿಗ್ರಿ ಸೆಲ್ಸಿಯಸ್, ಗಾಳೀಲಿ ತೇವ 40 ಪರ್ಸೆಂಟ್. ಅದನ್ನ ಮನೇಲಿ ಒಬ್ಬರೇ ಮಾಡೋಕೆ ಹೋಗೋದು ಬೇಡ. 2018ರಲ್ಲಿ ಅಮೆರಿಕದ ಟೆಕ್ಸಸ್ ಸ್ಟೇಟ್ ಯೂನಿವರ್ಸಿಟಿಯವರು ಒಂದು ಅಧ್ಯಯನ ಪ್ರಕಟಿಸಿದ್ರು, ಇದೇ 26 ಆಸನಗಳನ್ನ ಒಂದು ಗುಂಪಿಗೆ 40 ಡಿಗ್ರಿ ರೂಮಲ್ಲೂ ಇನ್ನೊಂದು ಗುಂಪಿಗೆ 23 ಡಿಗ್ರಿ ರೂಮಲ್ಲೂ 12 ವಾರ ಮಾಡಿಸಿದ್ರು, ರಕ್ತನಾಳಗಳ ಆರೋಗ್ಯ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿತ್ತು. ಅಂದ್ರೆ ಲಾಭ ಕೊಟ್ಟಿದ್ದು ಆಸನ, ಬಿಸಿ ಅಲ್ಲ.

ಇನ್ನೊಂದು ದಾರಿ ನಮ್ಮ ಜಿಲ್ಲೆಯವರದ್ದೇ. ಹಾಸನದ ಹತ್ರ ಕೌಶಿಕ ಊರಲ್ಲಿ 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು ಹುಡುಗನಾಗಿದ್ದಾಗ, 1927ರಲ್ಲಿ, ಹಾಸನದಲ್ಲೇ ಯೋಗ ಗುರು ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ ಅವರ ಹತ್ರ ಕಲಿಯೋಕೆ ಶುರು ಮಾಡಿದ್ರು, ಆಗ ಕೃಷ್ಣಮಾಚಾರ್ಯರು ಇನ್ನೂ ಮೈಸೂರು ಅರಮನೆ ಸೇರಿರಲಿಲ್ಲ, ಇಲ್ಲಿಯ ಕಾಫಿ ತೋಟದಲ್ಲಿ ಕೆಲಸಕ್ಕಿದ್ರು. ಜೋಯಿಸರು ಮುಂದೆ ಮೈಸೂರಲ್ಲಿ ಕಲಿಸಿದ ಅಷ್ಟಾಂಗ ವಿನ್ಯಾಸದಲ್ಲಿ ಬೆವರು ಧಾರಾಳವಾಗಿ ಬರುತ್ತೆ, ಆದ್ರೆ ಅದು ಗಂಟಲಲ್ಲಿ ಸಣ್ಣ ಸದ್ದು ಬರೋ ಹಾಗೆ ಮೂಗಲ್ಲಿ ಆಡೋ ಉಜ್ಜಾಯಿ ಉಸಿರಿನ ಜೊತೆ ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಹೋಗೋದ್ರಿಂದ ಬರೋ ಬೆವರು. ನಾನು ಹೇಳೋ ವಿಧಾನ ಇದಕ್ಕೆ ಹತ್ರ, ರೂಮು 28ರಿಂದ 32 ಡಿಗ್ರಿ, ಅದಕ್ಕಿಂತ ಮೇಲೆ ಬೇಡ.

ಈಗ ರೂಮಿಗೆ ಬರೋಣ. ಹೆಂಚಿನ ಮನೆ ಆದ್ರೆ ಬಿಸಿಯೆಲ್ಲ ಹೆಂಚಿನ ಸಂದೀಲಿ ಹೋಗುತ್ತೆ, ಸೀಲಿಂಗ್ ಹಾಕಿಸಿದ ರೂಮ್ ಇದ್ರೆ ಅದನ್ನೇ ಆರಿಸ್ಕೊಳ್ಳಿ. ಆರ್‌ಸಿಸಿ ಮನೇಲಿ 10ಕ್ಕೆ 12 ಅಡಿ ರೂಮಾದ್ರೆ 2000 ವ್ಯಾಟ್ ಹೀಟರ್ ಒಂದು ಸಾಕು, ಮ್ಯಾಟ್ ಹಾಸೋಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಆನ್ ಮಾಡ್ಬೇಕು ಯಾಕಂದ್ರೆ ಗಾಳಿ ಬೇಗ ಕಾಯುತ್ತೆ ಗೋಡೆ ನೆಲ ಕಾಯೋಕೆ ಟೈಮ್ ಬೇಕು. ಬಾಗಿಲ ಕೆಳಗಿನ ಸಂದಿಗೆ ಹಳೇ ಪಂಚೆ ಸುತ್ತಿ ಇಡಿ, ಆದ್ರೆ ಮೇಲಿನ ವೆಂಟಿಲೇಟರ್ ಮಾತ್ರ ಮುಚ್ಚಬೇಡಿ. ಹೀಟರಲ್ಲಿ ಆಯಿಲ್ ತುಂಬಿರೋದು ಒಳ್ಳೇದು, ನಿಧಾನಕ್ಕೆ ಕಾಯುತ್ತೆ, ಮುಖಕ್ಕೆ ಬಿಸಿ ಗಾಳಿ ಹೊಡೆಯಲ್ಲ, ಸದ್ದೂ ಇಲ್ಲ. ಬ್ಲೋವರ್ ಆದ್ರೂ ನಡೆಯುತ್ತೆ, ಮೈ ಕಡೆ ತಿರುಗಿಸದೆ ಗೋಡೆ ಕಡೆ ತಿರುಗಿಸಿ. ಕೆಂಪಗೆ ಉರಿಯೋ ರಾಡ್ ಹೀಟರ್ ಯೋಗಕ್ಕೆ ಬೇಡವೇ ಬೇಡ, ಕೈಕಾಲು ಚಾಚೋ ಜಾಗದಲ್ಲಿ ಅದು ಅಪಾಯ. ಯಾವುದೇ ಆದ್ರೂ ಮ್ಯಾಟು ಪರದೆ ಎರಡರಿಂದಲೂ ಮೂರಡಿ ದೂರ ಇರ್ಲಿ. 2000 ವ್ಯಾಟ್ ಹೀಟರ್ ಸುಮಾರು 9 ಆಂಪ್ ಎಳೆಯುತ್ತೆ, ಫ್ಯಾನಿಗೆ ಮೊಬೈಲಿಗೆ ಹಾಕೋ 5 ಆಂಪ್ ಸಣ್ಣ ಪ್ಲಗ್ಗಿಗೋ ಎಕ್ಸ್‌ಟೆನ್ಷನ್ ಬಾಕ್ಸಿಗೋ ಚುಚ್ಚಿದ್ರೆ ವೈರ್ ಕರಗುತ್ತೆ, ಗೀಸರಿಗೆ ಹಾಕೋ ದೊಡ್ಡ 15 ಆಂಪ್ ಪಾಯಿಂಟೇ ಬೇಕು, ಇಲ್ಲಾಂದ್ರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸ್ಕೊಳ್ಳಿ.

ಇದೊಂದನ್ನ ಮಾತ್ರ ದಯವಿಟ್ಟು ಗಮನ ಇಟ್ಟು ಓದಿ. ನಮ್ಮ ಕಡೆ ಎಷ್ಟೋ ಮನೇಲಿ ಚಳಿಗೆ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ರೂಮಲ್ಲಿ ಇಡೋ ಅಭ್ಯಾಸ ಇದೆ, ಬಾಣಂತಿ ಕೋಣೇಲೂ ಇಡ್ತಾರೆ, ಹೀಟರಿಗೆ ಯಾಕೆ ದುಡ್ಡು ಹಾಳು ಅಂತ ಅದನ್ನೇ ಯೋಗದ ರೂಮಿಗೂ ತರ್ತಾರೆ. ಬೇಡ. ಮುಚ್ಚಿದ ರೂಮಲ್ಲಿ ಕೆಂಡ ಅಂದ್ರೆ ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ಹೊಗೆ ಆಡ್ತಿಲ್ವಲ್ಲ ಅಂತ ನೀವು ಧೈರ್ಯವಾಗಿ ಕೂತಿರ್ತೀರ, ಅದು ರಕ್ತದಲ್ಲಿ ಆಮ್ಲಜನಕ ಹೊರೋ ಜಾಗಾನೇ ಹಿಡ್ಕೊಂಡುಬಿಡುತ್ತೆ, ತಲೆನೋವು, ಮಂಪರು, ಆಮೇಲೆ ಎಚ್ಚರಾನೇ ತಪ್ಪೋದು. ಪ್ರಾಣಾಯಾಮದಲ್ಲಿ ದೀರ್ಘವಾಗಿ ಉಸಿರು ಎಳೀತಾ ಇರೋರಿಗೆ ಇನ್ನೂ ಬೇಗ ಒಳಗೆ ಹೋಗುತ್ತೆ. ಗ್ಯಾಸ್ ಸ್ಟೌ ಹಚ್ಚಿಟ್ಟು ರೂಮ್ ಬೆಚ್ಚಗೆ ಮಾಡೋದೂ ಅಷ್ಟೇ ತಪ್ಪು. ಸಾಂಬ್ರಾಣಿ ಧೂಪ ಹಾಕ್ಬೇಕು ಅನ್ಸಿದ್ರೆ ಯೋಗ ಮುಗಿಸಿ ಕಿಟಕಿ ತೆಗೆದ ಮೇಲೆ ಹಾಕಿ. ಕರೆಂಟ್ ಹೋದ ದಿನ ಸ್ವೆಟರ್ ಹಾಕ್ಕೊಂಡು ಎರಡು ಸುತ್ತು ಸೂರ್ಯನಮಸ್ಕಾರ ಜಾಸ್ತಿ ಮಾಡಿ ಅಷ್ಟೇ, ಕೆಂಡದ ಆಸೆಗೆ ಹೋಗಬೇಡಿ.

ಆಮೇಲೆ ತೇವದ ವಿಷ್ಯ, ಇದನ್ನ ಹೆಚ್ಚಿನವರು ನೋಡೋದೇ ಇಲ್ಲ. ಬೆವರು ಬಂದ್ರೆ ಮೈ ತಣ್ಣಗಾಗಲ್ಲ, ಬೆವರು ಆರಿದ್ರೆ ತಣ್ಣಗಾಗೋದು. ಗಾಳೀಲೇ ನೀರು ತುಂಬಿದ್ರೆ ಬೆವರು ಆರಲ್ಲ, ಸುಮ್ಮನೆ ಇಳಿದು ಮ್ಯಾಟ್ ಮೇಲೆ ತೊಟ್ಟಿಕ್ಕುತ್ತೆ, ಒಳಗಿನ ಬಿಸಿ ಮಾತ್ರ ಏರ್ತಾ ಹೋಗುತ್ತೆ. ಇಂಟರ್ನೆಟ್ಟಲ್ಲಿ ನೋಡಿ ಕೆಲವರು ರೂಮಲ್ಲಿ ನೀರು ಕುದಿಸಿ ಆವಿ ಮಾಡ್ತಾರೆ, ನಮ್ಮ ಮಳೆಗಾಲಕ್ಕೆ ಅದು ಬೇಕಾಗಿಲ್ಲ: ಹೊರಗೆ 20 ಡಿಗ್ರಿ ಇದ್ದು ತೇವ 90 ಪರ್ಸೆಂಟ್ ಇದೆ ಅನ್ಕೊಳ್ಳಿ, ಅದೇ ಗಾಳಿನ 32 ಡಿಗ್ರಿಗೆ ಕಾಯಿಸಿದ್ರೆ ತೇವ ತಾನಾಗೇ 45ರ ಆಸುಪಾಸಿಗೆ ಇಳಿಯುತ್ತೆ, ಹಾಟ್ ಯೋಗದವರು ಕೇಳೋ ಲೆಕ್ಕ ಪುಕ್ಕಟೆ ಸಿಕ್ಕಿದಂಗೆ. ಜನವರೀಲಿ ಮಾತ್ರ ಗಾಳಿ ಒಣ, ಕಾಯಿಸಿದ್ರೆ ಇನ್ನೂ ಒಣಗಿ ಗಂಟಲು ಕೆರೆಯುತ್ತೆ, ಆಗ ಒಂದು ಒದ್ದೆ ಟವೆಲ್ ಕುರ್ಚಿ ಮೇಲೆ ಹರವಿದ್ರೆ ಸಾಕು. ಟೆಂಪರೇಚರ್ ತೇವ ಎರಡೂ ತೋರ್ಸೋ ಸಣ್ಣ ಡಿಜಿಟಲ್ ಮೀಟರ್ ಕಡಿಮೆ ಬೆಲೆಗೆ ಸಿಗುತ್ತೆ, ಕೂತಾಗ ಎದೆ ಮಟ್ಟಕ್ಕೆ ಬರೋ ಹಾಗೆ ಇಡಿ, ಹೀಟರ್ ಪಕ್ಕ ಇಟ್ರೆ ಸುಳ್ಳು ಹೇಳುತ್ತೆ. ಮಾಡ್ತಾ ಮಾಡ್ತಾ ನಿಮ್ಮ ಬೆವರಿಂದಲೇ ತೇವ ಏರುತ್ತೆ, 60 ದಾಟ್ತು ಅಂದ್ರೆ ಕಿಟಕಿ ಒಂದು ಬೆರಳಷ್ಟು ತೆಗೀರಿ.

ಯಾರು ಮಾಡಬಾರದು ಅಂದ್ರೆ, ಬಸುರಿಯರು, ಹಾರ್ಟ್ ತೊಂದ್ರೆ ಇರೋರು, ಜ್ವರ ಭೇದಿ ಆಗಿ ಎದ್ದವರು, ಚಿಕ್ಕ ಮಕ್ಕಳು. ಬಿಪಿಗೆ ಮಾತ್ರೆ ತಗೊಳ್ಳೋರು, ಅದ್ರಲ್ಲೂ ಮೂತ್ರ ಹೆಚ್ಚು ಹೋಗೋ ಮಾತ್ರೆ ಇರೋರು, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ. ಮನೇಲಿ ವಯಸ್ಸಾದವರಿದ್ರೆ ಅವರಿಗೆ ರೂಮು 25 ಡಿಗ್ರಿ ಸಾಕು, ಮಂಡಿ ಸೊಂಟ ಸಡಿಲ ಆಗೋಕೆ ಅಷ್ಟೇ ಬೇಕಿರೋದು.

ಮೊದಲ ವಾರ 25, 26 ಡಿಗ್ರೀಲಿ ಮಾಡಿ, ಆಮೇಲೆ ವಾರಕ್ಕೆ ಒಂದೋ ಎರಡೋ ಡಿಗ್ರಿ ಏರಿಸಿ, ಮೈ ಬಿಸಿಗೆ ಒಗ್ಗೋಕೆ ಒಂದು ಎರಡು ವಾರ ಬೇಕೇ ಬೇಕು. ಊಟ ಆಗಿ ಮೂರು ಗಂಟೆ ಆಗಿರ್ಲಿ, ಒಂದು ಗಂಟೆ ಮುಂಚೆ ಎರಡು ಲೋಟ ನೀರು ಕುಡಿದಿರಿ. ರೂಮಿಗೆ ಹೋದ ತಕ್ಷಣ ಕುಣಿಯೋಕೆ ಶುರು ಮಾಡ್ಬೇಡಿ, ಐದು ನಿಮಿಷ ಸುಖಾಸನದಲ್ಲಿ ಕೂತು ಮೂಗಲ್ಲೇ ನಿಧಾನಕ್ಕೆ ಉಸಿರಾಡಿ. ಆಮೇಲೆ ಸೂರ್ಯನಮಸ್ಕಾರ ಐದು ಸುತ್ತು, ತ್ರಿಕೋನಾಸನ, ಪಾರ್ಶ್ವಕೋನಾಸನ, ವೀರಭದ್ರಾಸನ, ವೃಕ್ಷಾಸನ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋ ಪಶ್ಚಿಮೋತ್ತಾನಾಸನ, ಭುಜಂಗಾಸನ, ಸೇತುಬಂಧ, ಒಟ್ಟು ನಲವತ್ತೈದು ನಿಮಿಷ ಧಾರಾಳ ಆಯ್ತು. ಬಿಸಿ ರೂಮಲ್ಲಿ ಕಪಾಲಭಾತಿ ಭಸ್ತ್ರಿಕಾ ಥರ ಜೋರಾಗಿ ಉಸಿರಾಡೋ ಅಭ್ಯಾಸ ಬೇಡ, ದೀರ್ಘ ಕುಂಭಕನೂ, ಅಂದ್ರೆ ಉಸಿರು ಹಿಡಿದಿಡೋದೂ ಬೇಡ, ಶೀರ್ಷಾಸನ ಅಂತೂ ಬೇಡವೇ ಬೇಡ. ಬಗ್ಗಿ ಎದ್ದಾಗ ಕಣ್ಣು ಕತ್ಲೆ ಬರೋದು ಯಾಕೆ ಅಂದ್ರೆ ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲೇ ಇಳಿದಿರುತ್ತೆ, ತಲೆಗೆ ಹೋಗೋದು ಒಂದು ಕ್ಷಣ ಕಮ್ಮಿ ಆಗುತ್ತೆ, ಅದಕ್ಕೆ ಏಳುವಾಗ ಕೈ ತೊಡೆ ಮೇಲಿಟ್ಟು ನಿಧಾನಕ್ಕೆ ಏಳಿ.

ಪಶ್ಚಿಮೋತ್ತಾನಾಸನ ಒಂದನ್ನ ಹತ್ರದಿಂದ ನೋಡೋಣ, ಬಿಸಿ ರೂಮಲ್ಲಿ ಜನ ಪೆಟ್ಟು ಮಾಡ್ಕೊಳ್ಳೋದು ಇಲ್ಲೇ. ತಣ್ಣನೆ ರೂಮಲ್ಲಿ ಬೆರಳು ಪಾದದ ಗಂಟಿನ ತನಕ ಬರ್ತಿರುತ್ತೆ, ಅದಕ್ಕಿಂತ ಮುಂದೆ ಹೋದ್ರೆ ತೊಡೆ ಹಿಂದೆ ಎಳೆತ ಜೋರಾಗಿ ಮೈಯೇ ತಡೆಯುತ್ತೆ. ಬಿಸೀಲಿ ಆ ತಡೆ ತಡವಾಗಿ ಬರುತ್ತೆ, ಹೆಬ್ಬೆರಳು ಆರಾಮಾಗಿ ಸಿಗುತ್ತೆ, ಮೂಗಿನ ತುದಿಯಿಂದ ಬೆವರು ಮಂಡಿ ಮೇಲೆ ಬೀಳ್ತಿರುತ್ತೆ, ಖುಷೀಲಿ ಇನ್ನೊಂದು ಸ್ವಲ್ಪ ಅಂತ ಎಳೀತೀರ. ಆಗ ಬೆವರಿಗೆ ಹಿಡಿತ ಜಾರಿ ತಟ್ಟನೆ ಬಿಟ್ಟೋಗೋದು, ಇಲ್ಲಾ ತೊಡೆ ಹಿಂದಿನ ಸ್ನಾಯು ಕೂತಾಗ ನೆಲಕ್ಕೆ ತಾಗೋ ಮೂಳೆಗೆ ಅಂಟಿರೋ ಜಾಗದಲ್ಲಿ ಉಳುಕೋದು, ನೋವು ಗೊತ್ತಾಗೋದು ಮಾರನೇ ದಿನ ಬೆಳಗ್ಗೆ ಮೆಟ್ಟಿಲು ಹತ್ತುವಾಗ. ಮಾಡಬೇಕಾಗಿರೋದು ಇಷ್ಟು: ಹೆಬ್ಬೆರಳ ಬದಲು ಪಾದಕ್ಕೆ ಒಂದು ಹತ್ತಿ ಟವೆಲ್ ಹಾಕಿ ಎರಡೂ ತುದಿ ಹಿಡ್ಕೊಳ್ಳಿ, ಮಂಡಿ ಸ್ವಲ್ಪ ಸಡಿಲ ಬಿಡಿ, ಬೆನ್ನು ಉದ್ದ ಮಾಡಿ ಸೊಂಟದಿಂದ ಬಗ್ಗಿ, ತಣ್ಣನೆ ರೂಮಲ್ಲಿ ಎಷ್ಟು ಬರ್ತಿತ್ತೋ ಅಲ್ಲಿಂದ ಎರಡು ಬೆರಳು ಮುಂದಕ್ಕೆ ಹೋಗಿ ನಿಲ್ಲಿ, ಅಲ್ಲೇ ಐದು ಉಸಿರು. ಉಸಿರು ಕಟ್ತಿದೆ ಅಂದ್ರೆ ಹೆಚ್ಚಾಯ್ತು ಅಂತಾನೇ ಅರ್ಥ.

ರಬ್ಬರ್ ಮ್ಯಾಟ್ ಮೇಲೆ ಬೆವರು ಬಿದ್ರೆ ಜಾರುತ್ತೆ, ಅದರ ಮೇಲೆ ಒಂದು ಹತ್ತಿ ಜಮಖಾನ ಹಾಸಿ, ಬೆವರೂ ಹೀರುತ್ತೆ ಕಾಲಿಗೂ ಹಿಡಿತ ಸಿಗುತ್ತೆ.

ಕೊನೇ ಹತ್ತು ನಿಮಿಷ ಹೀಟರ್ ಆಫ್ ಮಾಡಿ ಶವಾಸನ, ಮೇಲೆ ತೆಳ್ಳಗಿನ ಹೊದಿಕೆ. ಮಧ್ಯದಲ್ಲಿ ಯಾವಾಗಾದ್ರೂ ತಲೆಸುತ್ತು, ವಾಕರಿಕೆ, ತಲೆನೋವು, ಎದೆ ಬಡಿತ ಇಳೀದೇ ಇರೋದು, ಇದ್ರಲ್ಲಿ ಒಂದು ಕಂಡ್ರೂ ಆ ದಿನದ ಅಭ್ಯಾಸ ಮುಗೀತು, ಹೊರಗೆ ಹೋಗಿ ಮಲ್ಕೊಂಡು ಕಾಲು ದಿಂಬಿನ ಮೇಲೆ ಎತ್ತಿ ಇಟ್ಟು ನೀರು ಕುಡೀರಿ. ಜೊತೇಲಿ ಮಾಡ್ತಿರೋರು ತೊದಲ್ತಾ ಇದ್ರೆ, ಗಲಿಬಿಲಿ ಮಾತಾಡ್ತಿದ್ರೆ, ಮೈ ಕಾದು ಸುಡ್ತಿದ್ರೆ ಅದು ಹೀಟ್ ಸ್ಟ್ರೋಕ್ ಇರಬಹುದು, ಕತ್ತು ಕಂಕುಳು ತೊಡೆ ಸಂದಿಗೆಲ್ಲ ತಣ್ಣೀರು ಬಟ್ಟೆ ಇಡ್ತಾ 108ಕ್ಕೆ ಫೋನ್ ಮಾಡಿ, ಕಾಯ್ತಾ ಕೂರಬೇಡಿ. ಇದೇ ಕಾರಣಕ್ಕೆ ಮನೇಲಿ ಯಾರೂ ಇಲ್ಲದಾಗ, ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೊಂಡು ಮಾಡೋದು ಬೇಡ.

ಇನ್ನು ತೂಕ. ಮುಂಚೆ ಒಂದ್ಸಲ ಮುಗಿಸಿ ಒಂದ್ಸಲ ತೂಕ ನೋಡಿ, ಅರ್ಧ ಕೆಜಿ ಇಳಿದಿರುತ್ತೆ ಅಂದ್ರೆ ಅದು ಅರ್ಧ ಲೀಟರ್ ನೀರು, ಬೊಜ್ಜಲ್ಲ, ಕುಡಿದ ಮೇಲೆ ವಾಪಸ್ ಬರುತ್ತೆ, ಬರಲೇಬೇಕು. ಬೆವರಲ್ಲಿ ಉಪ್ಪೂ ಹೋಗಿರೋದ್ರಿಂದ ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿ ತಿಳಿ, ಅರಸೀಕೆರೆ ಕಡೆಯವರಾದ್ರೆ ತೋಟದ್ದೇ ಎಳನೀರು, ಇವೆಲ್ಲ ಒಳ್ಳೇವು. ನಮ್ಮ ಕಡೆ ಎದ್ದ ಕೂಡ್ಲೆ ಕಾಫಿ ಬೇಕು ಗೊತ್ತು, ಕುಡೀರಿ, ಆದ್ರೆ ಮೊದಲು ನೀರು ಆಮೇಲೆ ಕಾಫಿ. ಬೆವರಿದ ಬಟ್ಟೇಲೇ ಅಂಗಳದ ಗಾಳಿಗೆ ಬರಬೇಡಿ, ಬಟ್ಟೆ ಬದಲಾಯಿಸಿ, ಇಪ್ಪತ್ತು ನಿಮಿಷ ಬಿಟ್ಟು ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ.

ಮುಗಿಸಿ ಹೊರಗೆ ಬಂದ ಮೇಲೆ ಕಿಟಕಿ ಪೂರ್ತಿ ತೆಗೀಲೇಬೇಕು, ಇಲ್ಲಾಂದ್ರೆ ಆ ತೇವ ಎಲ್ಲ ತಣ್ಣನೆ ಗೋಡೆಗೆ ಕೂತು ಒಂದೇ ತಿಂಗಳಲ್ಲಿ ಬೂಷ್ಟು ಹಿಡಿಯುತ್ತೆ. ಜಮಖಾನ ಪ್ರತಿ ಸಲ ಒಗೆಯೋದು ಒಳ್ಳೇದು, ಮಳೆಗಾಲದಲ್ಲಿ ಎರಡು ಇಟ್ಕೊಳ್ಳಿ, ಒಂದು ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿ ಒಣಗ್ತಿರ್ಲಿ. ಮ್ಯಾಟನ್ನ ಸೋಪಿನ ನೀರಲ್ಲಿ ಒರೆಸಿ, ಸುತ್ತಿಡದೆ ನೇತು ಹಾಕಿ. ಕರೆಂಟ್ ಲೆಕ್ಕ ಬೇಕಂದ್ರೆ, ಒಂದೂವರೆ ಗಂಟೆಗೆ ಹೆಚ್ಚೆಂದ್ರೆ 3 ಯೂನಿಟ್, ತಿಂಗಳಿಗೆ ಇಪ್ಪತ್ತು ದಿನ ಮಾಡಿದ್ರೆ 60 ಯೂನಿಟ್. ಗೃಹಜ್ಯೋತಿ ಇರೋ ಮನೆಯವರು ಇದನ್ನ ಸೇರಿಸಿ ನೋಡ್ಕೊಳ್ಳಿ, ತಿಂಗಳ ಬಳಕೆ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ, ಹಾಗೇನಾದ್ರೂ ಆಗೋ ಥರ ಇದ್ರೆ ವಾರಕ್ಕೆ ಮೂರು ದಿನ ಹೀಟರ್ ಹಾಕಿ, ಉಳಿದ ದಿನ ಬಿಸಿಲು ಬಂದ ಮೇಲೆ ತಾರಸಿ ಮೇಲೆ ಮಾಡಿ.