ತೇರಿನ ಗಾಲಿ ದುಂಡಗೆ ಕಾಣಬೇಕಾದರೆ

ಕೊಪ್ಪಳದಲ್ಲಿ ಮದುವೆ, ಜಾತ್ರೆಗಳ ವಿಡಿಯೊ ಎಡಿಟಿಂಗ್ ಮಾಡಿಕೊಂಡಿರುವ ನನ್ನ ಬಳಿಗೆ ಒಬ್ಬರು ಗವಿಮಠದ ಜಾತ್ರೆಯ ಹಳೆಯ ಎಚ್‌ಡಿವಿ ಕ್ಯಾಸೆಟ್ ತಂದುಕೊಟ್ಟಿದ್ದರು. ತೇರು ಎಳೆಯುವ ಭಾಗವನ್ನು ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಜೋಡಿಸಿ, ಕ್ಯಾಸೆಟ್ಟಿನಲ್ಲಿದ್ದ 1440×1080 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಳತೆಯನ್ನೇ ಉಳಿಸಿಕೊಂಡು ಎಕ್ಸ್‌ಪೋರ್ಟ್ ಮಾಡಿ, ಪೆನ್ ಡ್ರೈವ್‌ಗೆ ಹಾಕಿಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿ ಚಿತ್ರ ಸರಿಯಾಗಿಯೇ ಇತ್ತು. ಮರುದಿನ ಅವರು ಫೋನ್ ಮಾಡಿ, "ಅಣ್ಣಾರ, ತೇರಿನ ಗಾಲಿ ತತ್ತಿ ಆಗೇತಲ್ರೀ" ಎಂದರು.

ಅವರ ಮನೆಗೆ ಹೋಗಿ, ಗಾಲಿ ಕ್ಯಾಮೆರಾಕ್ಕೆ ನೇರ ಎದುರಾಗಿರುವ ಕಡೆ ಚಿತ್ರವನ್ನು ನಿಲ್ಲಿಸಿ, ಟೀವಿಯ ಮೇಲೆಯೇ ಸ್ಕೇಲ್ ಇಟ್ಟು ನೋಡಿದೆ. ಎತ್ತರ 24 ಸೆಂ.ಮೀ., ಅಗಲ 18 ಸೆಂ.ಮೀ. ಅಗಲದಲ್ಲಿ ಸರಿಯಾಗಿ ಕಾಲುಭಾಗ ಕಡಿಮೆಯಾಗಿದ್ದುದರಿಂದ ತಪ್ಪು ಎಲ್ಲಿದೆಯೆಂದು ನನಗೆ ಅಲ್ಲಿಯೇ ಹೊಳೆಯಿತು.

ಮಿನಿ ಡಿವಿ ಕ್ಯಾಸೆಟ್ಟಿನಲ್ಲಿಯೇ, ಸೆಕೆಂಡಿಗೆ 25 ಮೆಗಾಬಿಟ್ ಮಿತಿಯೊಳಗೆ ಎಚ್‌ಡಿ ಚಿತ್ರವನ್ನು ಕೂರಿಸಬೇಕಾಗಿದ್ದ ಎಚ್‌ಡಿವಿ, ಒಂದು ಸಾಲಿಗೆ 1920ರ ಬದಲು 1440 ಪಿಕ್ಸೆಲ್‌ಗಳನ್ನಷ್ಟೇ ದಾಖಲಿಸುತ್ತದೆ. ಅಲ್ಲಿ ಪಿಕ್ಸೆಲ್ ಚೌಕವಲ್ಲ, ಎತ್ತರಕ್ಕಿಂತ 1.333 ಪಟ್ಟು ಅಗಲ. ತೋರಿಸುವಾಗ ಹಾಗೆ ಅಗಲಿಸಿದರೆ ಮಾತ್ರ 1440 ಹೋಗಿ 1920 ಆಗುತ್ತದೆ. ಈ ಸೂಚನೆ ನನ್ನ ಫೈಲಿನೊಳಗೆ ಇತ್ತು. ನನ್ನ ಕಂಪ್ಯೂಟರಿನ ಪ್ಲೇಯರ್ ಅದನ್ನು ಪಾಲಿಸಿತು, ಅವರ ಟೀವಿ ಪಾಲಿಸಲಿಲ್ಲ. ನೋಡುವವರ ಯಂತ್ರ ಆ ಸೂಚನೆಯನ್ನು ಓದಿಯೇ ಓದುತ್ತದೆ ಎಂದು ನಂಬಿ ಫೈಲ್ ಕೊಟ್ಟದ್ದು ನನ್ನ ತಪ್ಪು.

ಮತ್ತೆ ಕುಳಿತು, ಸೀಕ್ವೆನ್ಸನ್ನು, ಅಂದರೆ ಜೋಡಿಸಿಟ್ಟ ಚಿತ್ರವನ್ನು, ಮುಟ್ಟದೆ, ಎಕ್ಸ್‌ಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಅಗಲ 1920, ಎತ್ತರ 1080 ಎಂದು ಕೊಟ್ಟು, ಪಿಕ್ಸೆಲ್ ಆಸ್ಪೆಕ್ಟನ್ನು (ಪಿಕ್ಸೆಲ್ ಆಕಾರವನ್ನು) ಸ್ಕ್ವೇರ್ ಪಿಕ್ಸೆಲ್ಸ್ 1.0ಕ್ಕೆ ಬದಲಿಸಿದೆ. ಈ ಎರಡನ್ನೂ ಒಟ್ಟಿಗೆ ಬದಲಿಸಲೇಬೇಕು. ಪಿಕ್ಸೆಲ್ ಆಕಾರ 1.333 ಆಗಿಯೇ ಉಳಿದು ಅಗಲ ಮಾತ್ರ 1920 ಆದರೆ ಚಿತ್ರದ ಎಡಬಲಗಳಲ್ಲಿ ಕಪ್ಪು ಪಟ್ಟಿ ಬರುತ್ತದೆ. ಅಗಲ 1440 ಆಗಿಯೇ ಉಳಿದು ಆಕಾರ ಮಾತ್ರ 1.0 ಆದರೆ ಮೇಲೆ ಕೆಳಗೆ ಬರುತ್ತದೆ. ಪ್ರಿವ್ಯೂನಲ್ಲಿ ಕಾಣುವ ಈ ಪಟ್ಟಿ ಒಳ್ಳೆಯ ಎಚ್ಚರಿಕೆ. ಅದನ್ನು ಅಳಿಸಲೆಂದು 'ಸ್ಟ್ರೆಚ್ ಟು ಫಿಲ್' ಒತ್ತಿದರೆ ಪಟ್ಟಿ ಹೋಗಿ ಗಾಲಿ ಕೆಡುತ್ತದೆ. ಹೊಸ ಫೈಲನ್ನು ಅವರ ಟೀವಿಯಲ್ಲಿ ಹಾಕಿ ಅಳೆದಾಗ ಗಾಲಿ 24ಕ್ಕೆ 24 ಬಂದಿತು.

ಇಂದಿನ ಮೊಬೈಲ್ ವಿಡಿಯೊಗಳಲ್ಲಿ ಪಿಕ್ಸೆಲ್ ಚೌಕವೇ ಆಗಿರುವುದರಿಂದ ಈ ತೊಡಕಿಲ್ಲ. ಹಳೆಯ ಮದುವೆ ಕ್ಯಾಸೆಟ್‌ಗಳದ್ದೇ ಹೆಚ್ಚಿನ ಕೆಲಸ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಡಿವಿಯ (ಎಚ್‌ಡಿಗಿಂತ ಹಿಂದಿನ ಡಿಜಿಟಲ್ ಟೇಪ್ ಬಗೆ) ಅಳತೆ 720×576. ಚಿತ್ರದ ಅಗಲ-ಎತ್ತರದ ಅನುಪಾತ 4:3 ಇದ್ದರೂ 16:9 ಇದ್ದರೂ ಅಂಕಿ ಅದೇ, ಪಿಕ್ಸೆಲ್ ಅಗಲ ಮಾತ್ರ ಬೇರೆ: ಮೊದಲನೆಯದಕ್ಕೆ 1.094, ಎರಡನೆಯದಕ್ಕೆ 1.4587. ಹೀಗಾಗಿ ಅಂಕಿಯನ್ನು ನಂಬದೆ, ಡೊಳ್ಳಿನ ಮುಖವೋ ಗಡಿಯಾರವೋ ನೇರವಾಗಿ ಕಾಣುವ ಕಡೆ ನಿಲ್ಲಿಸಿ, ಅದು ದುಂಡಗಿದೆಯೇ ಎಂದು ಮೊದಲು ನೋಡುತ್ತೇನೆ; ಇಲ್ಲವಾದರೆ ಪ್ರೀಮಿಯರ್ ಪ್ರೊದ ಇಂಟರ್‌ಪ್ರೆಟ್ ಫೂಟೇಜ್‌ನಲ್ಲಿ ಆಕಾರವನ್ನು ತಿದ್ದುತ್ತೇನೆ. 4:3 ಆಗಿದ್ದರೆ ಎರಡೂ ಅಂಚುಗಳಲ್ಲಿ 9 ಪಿಕ್ಸೆಲ್ ಕತ್ತರಿಸಿ, ಉಳಿದ 702ನ್ನು 768×576 ಚೌಕ ಪಿಕ್ಸೆಲ್ ಆಗಿ ಹೊರತೆಗೆಯುತ್ತೇನೆ.

ಟೀವಿ ತುಂಬ ಬರಲಿ ಎಂದು ಅನೇಕರು ಕೇಳುತ್ತಾರೆ. 1920×1080ರ ಚೌಕಟ್ಟಿನಲ್ಲಿ 4:3 ಚಿತ್ರಕ್ಕೆ ಸಿಗುವುದು 1440×1080. ಎರಡೂ ಬದಿಗೆ 240 ಪಿಕ್ಸೆಲ್ ಕಪ್ಪು ಬಿಡಲೇಬೇಕು. ಎಳೆದು ತುಂಬಿಸಿದರೆ ಅವ್ವನ ಮುಖ ಹೀಗೆ ಅಗಲವಾಗುತ್ತದೆ ಎಂದು ಅವರ ಮದುವೆಯದೇ ಒಂದು ಚಿತ್ರವನ್ನು ಎರಡೂ ಬಗೆಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.